ಧೂಳಪ್ಪನ ಬಿಳಿ ಅಂಗಿ

ಉಮದಿಯಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರಿಗಿಂತ ಮೊದಲು ಧೂಳಪ್ಪನಿಗೆ ಗೊತ್ತಾಗುತ್ತದೆ. ಇದು ಉತ್ಪ್ರೇಕ್ಷೆ ಎಂದು ಹೊರಗಿನವರು ಹೇಳಬಹುದು. ಊರಿನವರು ಹೇಳುವುದಿಲ್ಲ.

ಅವನ ಬಳಿ ಒಂದು ಬಿಳಿ ಅಂಗಿ ಇದೆ. ಅದನ್ನು ಅವನು ಹಬ್ಬಕ್ಕೆ ಹಾಕುವುದಿಲ್ಲ, ಮದುವೆಗೆ ಹಾಕುವುದಿಲ್ಲ, ಮತ ಹಾಕಲು ಹೋಗುವಾಗಲೂ ಹಾಕುವುದಿಲ್ಲ. ಸಾವಾದ ಮನೆಗೆ ಹೋಗುವಾಗ ಮಾತ್ರ ಅದು ಟ್ರಂಕಿನಿಂದ ಹೊರಬರುತ್ತದೆ. ಹಾಗೆ ಹೋಗುವುದಕ್ಕೆ ನಮ್ಮ ಕಡೆ ಮಾತಾಡಿಸಲು ಹೋಗುವುದು ಎನ್ನುತ್ತಾರೆ. ಹೆಸರಿಗೆ ಮಾತು, ಅಲ್ಲಿ ಹೆಚ್ಚು ಯಾರೂ ಮಾತಾಡುವುದಿಲ್ಲ. ಹೋಗಬೇಕು, ಕಟ್ಟೆಯ ಮೇಲೆ ಕೂರಬೇಕು, ತಲೆ ತಗ್ಗಿಸಬೇಕು, ಚಹಾ ಕೊಟ್ಟರೆ ಕುಡಿಯಬೇಕು, ಸಾಕಷ್ಟು ಹೊತ್ತಾದ ಮೇಲೆ ಏಳಬೇಕು. ಏಳುವಾಗ 'ಬರ್ತೀನಿ' ಎನ್ನಬಾರದು. ಅಂಥ ಮನೆಗೆ ಮತ್ತೆ ಬರುವ ಪ್ರಸಂಗ ಯಾರಿಗೂ ಬೇಡ. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಸುಮ್ಮನೆ ಹೊರಟುಬಿಡಬೇಕು.

ಈ ವಿದ್ಯೆಯಲ್ಲಿ ಧೂಳಪ್ಪನನ್ನು ಮೀರಿಸುವವರು ಗಡಿಯಾಚೆ ಮರಾಠಿ ರಾಜ್ಯಕ್ಕೆ ಸೇರಿದ ನಮ್ಮ ಈ ಕನ್ನಡದ ಜತ್ತ ತಾಲೂಕಿನಲ್ಲಿ ಇಲ್ಲ. ಅವನ ಅಣ್ಣ ಕುರಿ ಕಾಯುತ್ತಾನೆ. ಧೂಳಪ್ಪ ಹಳೆಯ ಮೊಪೆಡ್ ಮೇಲೆ ತಿರುಗಿ ಊರೂರಿನ ದುಃಖ ಕಾಯುತ್ತಾನೆ. ಒಮ್ಮೆ ಶೇಗಾಂವದಲ್ಲಿ ತಪ್ಪಿ ಪಕ್ಕದ ಮನೆಯ ಕಟ್ಟೆಯ ಮೇಲೆ ಕುಳಿತುಬಿಟ್ಟಿದ್ದ. ಆ ಮನೆಯವರು ಬಿಳಿ ಅಂಗಿ ಕಂಡು ಗಾಬರಿಬಿದ್ದು, ಒಳಗೆ ಹೋಗಿ ಮನೆಯ ಹಿರಿಯರನ್ನೆಲ್ಲ ಒಬ್ಬೊಬ್ಬರನ್ನೇ ಅಲುಗಿಸಿ ನೋಡಿದರು. ಎಲ್ಲರೂ ಉಸಿರಾಡುತ್ತಿದ್ದಾರೆ ಎಂದು ಖಾತ್ರಿಯಾದ ಮೇಲೂ ಧೂಳಪ್ಪನನ್ನು ಎಬ್ಬಿಸುವ ಧೈರ್ಯ ಯಾರಿಗೂ ಆಗಲಿಲ್ಲ. ಊಟ ಹಾಕಿ ಕಳಿಸಿದರು.

ಇಂಥ ಧೂಳಪ್ಪನನ್ನು ಸರಕಾರ ಕೆಲಸಕ್ಕೆ ತೆಗೆದುಕೊಂಡ ಕಥೆ ಹೀಗಿದೆ.

ಕಾಲು ಮುರಿದರೆ ಗಾಡಿ ಬರುತ್ತದೆ, ಮನಸ್ಸು ಮುರಿದರೂ ಒಂದು ಗಾಡಿ ಬರಬೇಕು ಎಂದು ಯಾರೋ ಪುಣ್ಯಾತ್ಮರು ಮೇಲೆ ಕುಳಿತು ಯೋಚಿಸಿದರು. ಇಡೀ ರಾಜ್ಯಕ್ಕೆ ಒಂದು ಫೋನ್ ನಂಬರು. ಹಗಲು ರಾತ್ರಿ ಎನ್ನದೆ ಅದನ್ನು ಎತ್ತುವ ಹುಡುಗಿಯರು. ತಾಲೂಕಿಗೊಂದು ಗಾಡಿ, ಅದರಲ್ಲಿ ಒಬ್ಬ ನರ್ಸು, ಮಾತಾಡಲು ಒಬ್ಬರು. ನಮ್ಮ ತಾಲೂಕಿನ ಗಾಡಿಯಲ್ಲಿ ಆ ಮಾತಾಡುವ ಕೆಲಸ ನನ್ನದು. ನಾನು ಉಮದಿಯ ಸೊಸೆ. ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೇನೆ, ಮಾತು ಕಡಿಮೆ. ಈ ಕೆಲಸಕ್ಕೆ ಎರಡೂ ಬೇಕಂತೆ.

ಗಾಡಿ ಇರುವುದು ಜತ್ತದಲ್ಲಿ. ಉಮದಿ ಮುಟ್ಟಲು ತಾಸಿನ ಮೇಲಾಗುತ್ತದೆ. ಅಷ್ಟು ಹೊತ್ತು ಕಷ್ಟದಲ್ಲಿರುವವರು ಒಬ್ಬರೇ ಇರಬಾರದೆಂದು ದೊಡ್ಡ ಹಳ್ಳಿಗೆ ಒಬ್ಬರಂತೆ ಊರವರನ್ನೇ ಆರಿಸಿದರು. ಅವರಿಗೆ ಮರಾಠಿಯಲ್ಲಿ 'ಸೋಬತಿ' ಎಂದು ಹೆಸರಿಟ್ಟರು. ಜೊತೆಗಾರ ಎಂದು ಅರ್ಥ. ಗಾಡಿ ಬರುವ ತನಕ ಜೊತೆಗೆ ಕೂರುವುದು ಅವನ ಕೆಲಸ.

ತರಬೇತಿ ಜತ್ತದಲ್ಲಿ ನಡೆಯಿತು. ನಡೆಸಿದವರು ತಾಲೂಕಿನ ಈ ಕೆಲಸಕ್ಕೆಲ್ಲ ಮುಖ್ಯಸ್ಥರಾದ ವಿಜಯಕುಮಾರ ಸಾಹೇಬರು. ಸಾಂಗ್ಲಿಯವರು, ಒಳ್ಳೆಯವರು, ನಿಯಮಗಳನ್ನು ಮಕ್ಕಳಂತೆ ಪ್ರೀತಿಸುವವರು. ಅವರು ಮರಾಠಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಬೇಕಿತ್ತು. ಕರೆ ಬಂದ ಕೂಡಲೇ ಹೋಗಿ. ಉಪದೇಶ ಮಾಡಬೇಡಿ. ಬಾಗಿಲು ತೆಗೆ ಎಂದು ಬಲವಂತ ಮಾಡಬೇಡಿ. ಗಾಡಿ ಬರುವ ತನಕ ಕೂತ ಜಾಗ ಬಿಡಬೇಡಿ. ಫೋನ್ ಮಾಡಿದವರು ಯಾರು, ಅವರಿಗೆ ಏನಾಗಿದೆ ಎಂಬುದನ್ನು ಯಾರಿಗೂ ಹೇಳಬೇಡಿ. ಕೊನೆಯದನ್ನು ಸಾಹೇಬರು ಮೇಜು ಕುಟ್ಟಿ ಹೇಳಿದರು. ನಾನೂ ಕುಟ್ಟಿದೆ.

ಮಧ್ಯಾಹ್ನ ಅಭ್ಯಾಸ. ಒಬ್ಬರು ನೊಂದವರಂತೆ ನಟಿಸಬೇಕು, ಉಳಿದವರು ಜೊತೆಗೆ ಕೂರಬೇಕು. ಬಂದವರೆಲ್ಲ ಉತ್ಸಾಹಿಗಳು. ಒಬ್ಬರು ನೊಂದವನಿಗೆ ಯೋಗಾಸನ ಕಲಿಸಲು ಹೊರಟರು. ಇನ್ನೊಬ್ಬರು ತಮ್ಮದೇ ಕಷ್ಟ ಹೇಳಿಕೊಂಡರು. ನೊಂದವನೇ ಅವರಿಗೆ ಸಮಾಧಾನ ಮಾಡಬೇಕಾಯಿತು. ಧೂಳಪ್ಪನ ಸರದಿ ಬಂದಾಗ ಅವನು ಬೆಂಚಿನ ಮೇಲೆ ಕುಳಿತ, ತಲೆ ತಗ್ಗಿಸಿದ, ಸುಮ್ಮನಾದ. ಎಷ್ಟು ಚೆನ್ನಾಗಿ ಸುಮ್ಮನಾದನೆಂದರೆ, ನಟಿಸುತ್ತಿದ್ದವನಿಗೆ ಎಂದೋ ತೀರಿಕೊಂಡ ತನ್ನ ಅಜ್ಜಿ ನೆನಪಾಗಿ ನಿಜವಾಗಿ ಅಳು ಬಂತು. ವಿಜಯಕುಮಾರ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, ಈ ಮನುಷ್ಯ ಇದಕ್ಕೇ ಹುಟ್ಟಿದ್ದಾನೆ ಎಂದರು.

ಸಂಜೆ ಎಲ್ಲರಿಗೂ ಒಂದೊಂದು ನೀಲಿ ಜಾಕೀಟು ಕೊಟ್ಟರು. ಬೆನ್ನಿನ ಮೇಲೆ ದೊಡ್ಡಕ್ಷರದಲ್ಲಿ ಸೋಬತಿ ಎಂದು ಬರೆದಿತ್ತು. ಧೂಳಪ್ಪ ಅದನ್ನು ಜತ್ತದಲ್ಲಿ ಹಾಕಿಕೊಂಡವನು ತೆಗೆಯಲಿಲ್ಲ. ಹೊಲಕ್ಕೂ ಅದೇ, ಬಸ್ ಸ್ಟ್ಯಾಂಡಿಗೂ ಅದೇ, ಹಾಸಿಗೆಗೂ ಅದೇ.

ಅವನ ಹೆಂಡತಿ ಅಕ್ಕವ್ವ ಓಣಿಯ ಹೆಂಗಸರ ಮುಂದೆ ದೂರಿದಳು. "ಲಗ್ನದಾಗ ನಮ್ಮಪ್ಪ ಕೊಟ್ಟ ಕೋಟು ಮರುದಿನಾನ ತಗದ ಒಗದ್ರು. ಇದನ್ನ ತಗ್ಯಾಕ ಒಲ್ರು. ನಾನರ ಯಾರ ಜೋಡಿ ಸಂಸಾರ ಮಾಡಾಕತ್ತೀನಿ, ಸರಕಾರದ ಜೋಡಿ ಏನು?"

ಆದರೆ ಕರೆಯೇ ಬರಲಿಲ್ಲ. ವಾರ ಹೋಯಿತು, ತಿಂಗಳಾಯಿತು. ಧೂಳಪ್ಪ ಕೈಕಟ್ಟಿ ಕೂರುವವನಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತು ವಿಜಯಪುರದ ಬಸ್ಸಿಗೆ ಕಾಯುವವರ ಮುಖ ನೋಡತೊಡಗಿದ. ಯಾರಾದರೂ ಸ್ವಲ್ಪ ಬಾಡಿದಂತೆ ಕಂಡರೆ ಹತ್ತಿರ ಹೋಗಿ, ಜೀವಕ್ಕೆ ಏನಾದರೂ ಬೇಸರವಾಗಿದೆಯೇ ಎಂದು ಮೆಲ್ಲಗೆ ಕೇಳುತ್ತಿದ್ದ. ಜನ ಬಂದ ಮೊದಲ ಬಸ್ಸನ್ನೇ ಹತ್ತಿಬಿಡುತ್ತಿದ್ದರು, ಅದು ಎಲ್ಲಿಗೆ ಹೋಗುವುದಾದರೂ ಸರಿ. ಚಹಾದ ಅಂಗಡಿಯವನು ಮಾತ್ರ, ಹೌದು, ಬೇಸರ ಇದೆ, ನೀನು ಇಲ್ಲಿಂದ ಎದ್ದರೆ ಹೋಗುತ್ತದೆ ಎಂದು ಹೇಳಿದ.

ಹೀಗಿರುವಾಗ ಒಂದು ಮುಂಜಾನೆ ಧೂಳಪ್ಪ ಬಚ್ಚಲಿಗೆ ಹೋದ ಹೊತ್ತು ನೋಡಿ ಅಕ್ಕವ್ವ ಜಾಕೀಟನ್ನು ಎತ್ತಿ ಸೋಪಿನ ನೀರಿಗೆ ಹಾಕಿದಳು. ನೀರು ಕಪ್ಪಾಯಿತು. ಹೇಗೂ ನೀರು ಕೆಟ್ಟಿದೆ ಎಂದು ಅವನ ಉಳಿದ ಅಂಗಿಗಳನ್ನೂ ಅದರಲ್ಲೇ ಅದ್ದಿದಳು. ಮನೆಯಲ್ಲಿ ಒಣಗಿದ ಅಂಗಿ ಎಂದು ಉಳಿದದ್ದು ಟ್ರಂಕಿನಲ್ಲಿದ್ದ ಬಿಳಿಯದು ಮಾತ್ರ.

ಆಗ ಫೋನ್ ಬಂತು.

ಮಾರುಕಟ್ಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಸೋಮನಿಂಗಪ್ಪ ಸಾಹುಕಾರರು ಆ ನಂಬರಿಗೆ ಫೋನ್ ಮಾಡಿದ್ದರು. ಇದನ್ನು ಉಮದಿಯಲ್ಲಿ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ. ಅವರು ಸೀರೆಯ ಮಡಿಕೆ ಬಿಚ್ಚುವ ಮೊದಲು ಗಿರಾಕಿಯನ್ನು ನಗಿಸುವವರು. ಬಟ್ಟೆ ಬೇಡದವರೂ ಅವರ ಅಂಗಡಿಗೆ ಹೋಗಿ, ನಕ್ಕು, ಬೇಡದ ಬಟ್ಟೆ ಹಿಡಿದುಕೊಂಡು ಬರುತ್ತಿದ್ದರು. ಆ ವಾರ ಅವರ ಹೆಂಡತಿ ವಿದ್ಯಾವತಿಯವರು ತಮ್ಮನ ಮಗಳ ಮದುವೆಗೆಂದು ಇಂಡಿ ಕಡೆಯ ತವರಿಗೆ ಹೋಗಿದ್ದರು. ಸಾಹುಕಾರರು ಹೋಗಿರಲಿಲ್ಲ. ಅಂಗಡಿಯನ್ನೂ ತೆರೆದಿರಲಿಲ್ಲ. ಮದುವೆಗೆ ಹೋಗಿದ್ದಾರೆ ಎಂದು ಮಾರುಕಟ್ಟೆ ತಿಳಿದಿತ್ತು, ಅಂಗಡಿ ಬಿಟ್ಟು ಬರಲಾಗಲಿಲ್ಲ ಎಂದು ಮದುವೆ ಮನೆ ತಿಳಿದಿತ್ತು.

ಫೋನಿನಲ್ಲಿ ಅವರು ಹೆಸರು ಹೇಳಿದರು, ಊರು ಹೇಳಿದರು. ಏನಾಗಿದೆ ಎಂದು ಹುಡುಗಿ ಕೇಳಿದಾಗ, ಏನಿಲ್ಲ, ಸುಮ್ಮನೆ ಮಾಡಿದೆ ಎಂದು ಕಟ್ ಮಾಡಿದರು. ಆ ಹುಡುಗಿಯ ಮುಖವನ್ನು ನಾನು ಇಂದಿಗೂ ನೋಡಿಲ್ಲ, ದನಿ ಮಾತ್ರ ಗೊತ್ತು. ಸುಮ್ಮನೆ ಮಾಡಿದೆ ಎನ್ನುವವರ ಕಡೆಗೆ ಮೊದಲು ಓಡಬೇಕೆಂದು ಅವಳಿಗೆ ಯಾರೋ ಸರಿಯಾಗಿ ಕಲಿಸಿದ್ದರು. ತಿರುಗಿ ಅವರಿಗೆ ಮಾಡಿದಳು, ಎತ್ತಲಿಲ್ಲ. ಜತ್ತದ ನಮ್ಮ ಗಾಡಿಗೆ ಹೇಳಿದಳು. ಧೂಳಪ್ಪನಿಗೆ ಮಾಡಿ, ಲೈನು ಕಡಿಯದೆ ಫೋನನ್ನು ಕಿಸೆಯಲ್ಲಿ ಇಟ್ಟುಕೊಂಡೇ ಓಡು ಎಂದಳು.

ಧೂಳಪ್ಪ ಬಕೆಟ್ಟಿನಿಂದ ಜಾಕೀಟನ್ನು ಎಳೆದ. ಅದು ಧಾರಾಕಾರ ಸುರಿಯುತ್ತಿತ್ತು. ಹಾಗೇ ಹಾಕಿಕೊಳ್ಳಲು ಹೋದ. ಅಕ್ಕವ್ವ ಕಸಿದುಕೊಂಡಳು. ಬಿಳಿ ಅಂಗಿ ತೊಟ್ಟು, ಅಭ್ಯಾಸಬಲದಿಂದ ಟವೆಲ್ಲನ್ನೂ ಹಾಕಿಕೊಂಡು ಅವನು ಸಾಹುಕಾರರ ಓಣಿಗೆ ಓಡಿದ.

ಬಾಗಿಲಿಗೆ ಒಳಗಿನಿಂದ ಅಗುಳಿ ಬಿದ್ದಿತ್ತು. ಪಕ್ಕದ ಕಿಟಕಿ ಅರ್ಧ ತೆರೆದಿತ್ತು. ಅಲ್ಲಿ ನಡೆದ ಮಾತನ್ನು ಆಮೇಲೆ ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಎರಡೂ ಕೂಡುತ್ತವೆ.

"ಸಾವಕಾರ್ರ, ನಾ ಧೂಳಪ್ಪ ಅದೇನ್ರಿ."

ಒಳಗಿನಿಂದ ಎರಡು ಕಣ್ಣು ಬಿಳಿ ಅಂಗಿಯನ್ನು ನೋಡಿದವು. "ಯಾರು ಸತ್ತಾರೋ?"

"ಇನ್ನೂ ಯಾರೂ ಇಲ್ರಿ."

"ಮತ್ತ್ಯಾಕ ಬಂದಿ?"

"ಸರಕಾರ ಕಳಿಸೈತ್ರಿ."

ಕಣ್ಣುಗಳು ಕಿಟಕಿಯಿಂದ ಹಿಂದೆ ಸರಿದವು. "ನೀ ಹೋಗಪಾ ಧೂಳಪ್ಪ. ನಾ ಬಾಗಲಾ ತಗ್ಯಾಂಗಿಲ್ಲ."

"ಬ್ಯಾಡ್ರಿ. ತಗೀರಿ ಅನ್ನಬ್ಯಾಡ ಅಂದಾರ್ರಿ ನನಗ. ಇಲ್ಲೇ ಕುಂದರ್ತೇನಿ."

ಅವನು ಕಿಟಕಿಗೆ ಬೆನ್ನು ಕೊಟ್ಟು ಕಟ್ಟೆಯ ಮೇಲೆ ಕುಳಿತ. ತಲೆ ತಾನೇ ತಗ್ಗಿತು.

ಎದುರು ಮನೆಯ ಕಾಳವ್ವ ಅಂಗಳದಲ್ಲಿ ಶೇಂಗಾ ಕೇರುತ್ತಿದ್ದಳು. ಬಿಳಿ ಅಂಗಿ ಕಂಡಿತು. ಮೊರ ಅಲ್ಲೇ ಬಿಟ್ಟು ಬಂದಳು. ಏನಾಯಿತೋ ಧೂಳಪ್ಪಾ ಎಂದಳು. ಧೂಳಪ್ಪನಿಗೆ ಸಾಹೇಬರು ಮೇಜು ಕುಟ್ಟಿದ್ದು ನೆನಪಾಯಿತು. ಅವನು ಬಾಯಿ ತೆರೆಯಲಿಲ್ಲ, ನೆಲ ನೋಡಿದ. ಸಾಹುಕಾರರಿಗೇನಾದರೂ ಆಯಿತೇ ಎಂದಳು. ಧೂಳಪ್ಪ ಆಕಾಶ ನೋಡಿದ. ಕಾಳವ್ವ ಬಾಗಿಲ ಕಡೆ ಹೆಜ್ಜೆ ಇಟ್ಟಳು. ಧೂಳಪ್ಪ ಕೈ ಅಡ್ಡ ಹಿಡಿದು, ಬೇಡ ಎಂದು ತಲೆಯಾಡಿಸಿದ. ನಮ್ಮ ಕಡೆ ಸಾವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಇನ್ನೊಂದು ವಿಧಾನ ಇಲ್ಲ.

ಕಾಳವ್ವ ಎದೆ ಬಡಿದುಕೊಂಡು ಒಂದು ದನಿ ತೆಗೆದಳು. ಆ ದನಿ ಮಾರುಕಟ್ಟೆಗೆ ಹೋಯಿತು.

ಮುಂದಿನದೆಲ್ಲ ತಾನಾಗಿಯೇ ನಡೆಯಿತು. ಅಂಗಡಿಗಳ ಶಟರ್ ಇಳಿದವು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಾದ್ದರಿಂದ ಅಕ್ಕಪಕ್ಕದ ಹೆಂಗಸರು ರೊಟ್ಟಿ ಜುಣಕ ಕಟ್ಟಿಕೊಂಡು ಬಂದರು. ಊರಿನ ಮಟ್ಟಿಗೆ ಪೊಲೀಸರ ಕೆಲಸ ನೋಡುವ ಪೊಲೀಸ್ ಪಾಟೀಲರಾದ ಭರಮಣ್ಣ ಬಂದರು. ಬಾಗಿಲು ಒಳಗಿನಿಂದ ಹಾಕಿರುವುದನ್ನು ನೋಡಿ, ಗಂಭೀರರಾಗಿ, ಪಂಚನಾಮೆ ಆಗುವ ತನಕ ಯಾರೂ ಮುಟ್ಟಬಾರದು ಎಂದು ಆಜ್ಞೆ ಮಾಡಿದರು. ಧೂಳಪ್ಪ ಅದನ್ನು ಕೇಳಿ ತಲೆಯಾಡಿಸಿದ. ಬಾಗಿಲ ವಿಷಯದಲ್ಲಿ ಪಾಟೀಲರೂ ತರಬೇತಿ ಪಡೆದವರಂತೆ ಮಾತಾಡುತ್ತಿದ್ದರು. ಭಜನೆಯವರು ಹಾರ್ಮೋನಿಯಂ ಪೇಟಿ, ತಾಳ ಸಮೇತ ಬಂದು ಬೇವಿನ ಗಿಡದ ಕೆಳಗೆ ಚಾಪೆ ಹಾಸಿದರು.

ಆಮೇಲೆ ಮಲ್ಲು ಬಂದ. ಮಲ್ಲು ಎಂದರೆ ಸಾಹುಕಾರರ ತಮ್ಮ. ಮನೆ ಪಾಲಾಗುವಾಗ ನಡುಗೋಡೆ ಒಂದು ಗೇಣು ಅತ್ತಲೋ ಇತ್ತಲೋ ಎಂದು ಜಗಳವಾಗಿ, ಅಂದಿನಿಂದ ಈ ಕಟ್ಟೆ ತುಳಿದವನಲ್ಲ. ಈಗ ಬರಿಗಾಲಲ್ಲಿ ಓಡಿ ಬಂದು, ಅದೇ ನಡುಗೋಡೆಗೆ ಹಣೆ ಹಚ್ಚಿ ಅತ್ತ.

ಧೂಳಪ್ಪ ಆಗಾಗ ಕಿಟಕಿಯ ಕಡೆ ಕತ್ತು ಹೊರಳಿಸಿ ಪಿಸುಗುಡುತ್ತಿದ್ದ. ಸತ್ತವರ ಜೊತೆ ಮಾತಾಡುತ್ತಿದ್ದಾನೆ, ದುಃಖ ತಲೆಗೇರಿದೆ ಎಂದು ಹೆಂಗಸರು ಮರುಗಿದರು.

"ಸಾವಕಾರ್ರ, ಸ್ವಲ್ಪ ಮಂದಿ ಬಂದಾರ್ರಿ."

"ಯಾಕ?"

"ಅದನ್ನ ಹೇಳಬ್ಯಾಡ ಅಂದಾರ್ರಿ."

"ಅಳಾಕತ್ತಿದ್ದು ಯಾರು?"

"ಮಲ್ಲು."

ಒಳಗೆ ಏನೋ ನೆಲಕ್ಕೆ ಇಟ್ಟ ಸದ್ದಾಯಿತು. "ನಮ್ಮ ಮಲ್ಲು?"

"ಹೌದ್ರಿ. ಕಾಲಾಗ ಚಪ್ಲಿ ಇಲ್ರಿ."

ಧೂಳಪ್ಪನ ಕಿಸೆಯಲ್ಲಿದ್ದ ಫೋನಿನ ಆ ತುದಿಯಲ್ಲಿ ಹುಡುಗಿ ಎಲ್ಲವನ್ನೂ ಕೇಳುತ್ತಿದ್ದಳು. ಎದೆ ಬಡಿದುಕೊಂಡದ್ದು, ಅತ್ತದ್ದು, ಭಜನೆ. ಅವಳಿಗೆ ಕನ್ನಡ ಬರುತ್ತಿರಲಿಲ್ಲ, ಅಳುವುದು ಅರ್ಥವಾಗುತ್ತಿತ್ತು. ಏನಾಯಿತು ದಾದಾ ಎಂದು ಮತ್ತೆ ಮತ್ತೆ ಕೇಳಿದಳು. ಯಾರಿಗೂ ಹೇಳಬಾರದು ಎನ್ನುವ ಲೆಕ್ಕದಲ್ಲಿ ಇವಳೂ ಬರುತ್ತಾಳೋ ಇಲ್ಲವೋ ಎಂದು ಧೂಳಪ್ಪ ಯೋಚಿಸಿದ. ಬರುತ್ತಾಳೆ ಎಂದು ತೀರ್ಮಾನಿಸಿ ಸುಮ್ಮನಾದ. ಅವಳು ಮೇಲಿನವರಿಗೆ ಹೇಳಿದಳು. ಮೇಲಿನವರು ಅವರ ಮೇಲಿನವರಿಗೆ ಹೇಳಿದರು. ಪೊಲೀಸ್ ಜೀಪು ಹೊರಟಿತು, ಅಂಬುಲೆನ್ಸ್ ಹೊರಟಿತು. ರಾಜ್ಯದ ಇಡೀ ವ್ಯವಸ್ಥೆ, ಕಾಗದದ ಮೇಲೆ ಹೇಗೆ ಏಳಬೇಕಿತ್ತೋ ಹಾಗೆಯೇ, ಉಮದಿಯ ಒಂದು ಕಟ್ಟೆಗಾಗಿ ಎದ್ದು ನಿಂತಿತು. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ.

ನಮ್ಮ ಗಾಡಿಯಲ್ಲಿ ನಾನು, ನರ್ಸು, ಡ್ರೈವರ್ ಮಹಾಂತ, ಜೊತೆಗೆ ಮೊದಲ ಕರೆ ಎಂದು ಖುದ್ದು ಹೊರಟ ವಿಜಯಕುಮಾರ ಸಾಹೇಬರು. ಅರ್ಧ ದಾರಿಯಲ್ಲಿ ರಸ್ತೆ ತುಂಬ ಕುರಿ. ಕುರಿಯ ಹಿಂದೆ ಧೂಳಪ್ಪನ ಅಣ್ಣ. ಮಹಾಂತ ಹಾರನ್ ಹೊಡೆದ. ಎಲ್ಲಿಗೆ ಇಷ್ಟು ಅವಸರ ಎಂದು ಅವನು ಕೇಳಿದ. ಸಾಹೇಬರು ತುಟಿ ಬಿಗಿ ಹಿಡಿದು ಕಿಟಕಿಯಾಚೆ ನೋಡಿದರು. ಕಾರಣ ಹೇಳದ ಗಾಡಿಗೆ ದಾರಿ ಬಿಡಲು ಅವನಿಗೂ ಅವಸರವಿರಲಿಲ್ಲ. ಕುರಿಗಳು ಒಂದೊಂದೇ ನಮ್ಮನ್ನು ನೋಡುತ್ತ ಪಕ್ಕಕ್ಕೆ ಸರಿದವು.

ಊರು ಹತ್ತಿರವಾದಾಗ ಬುತ್ತಿ ಹೊತ್ತು ನಡೆದು ಬರುವ ಹೆಂಗಸರು ಕಂಡರು. ನಾನು ಗಾಜು ಇಳಿಸಿ, ಯಾರು ಎಂದು ಕೇಳಿದೆ.

"ಸೋಮನಿಂಗಪ್ಪ ಸಾವಕಾರ್ರು ಹೋದ್ರವಾ."

ಸಾಹೇಬರಿಗೆ ನಾನು ಮರಾಠಿಯಲ್ಲಿ ಹೇಳುವ ಅಗತ್ಯ ಬೀಳಲಿಲ್ಲ. ಮಹಾಂತ ಇಷ್ಟು ಹೊತ್ತು ಎಕ್ಸಲರೇಟರ್ ತುಳಿದಿದ್ದ ಕಾಲನ್ನು ಮೆಲ್ಲಗೆ ಎತ್ತಿದ. ನಾನು ಗಾಜು ಏರಿಸಿದೆ.

ಓಣಿಯ ತುಂಬ ಜನ. ಕಟ್ಟೆಯ ಮೇಲೆ ಜಾಕೀಟಿಲ್ಲದ ಧೂಳಪ್ಪ. ನಮ್ಮನ್ನು ಕಂಡು ಅವನ ಮುಖ ಅರಳಿತು. ಅಂಥ ಜಾಗದಲ್ಲಿ ಅರಳಿದ ಮುಖ ಕಂಡು ಸಾಹೇಬರು ಬೆಚ್ಚಿಬಿದ್ದರು. ಅವರು ಬಗ್ಗಿ, ಎಷ್ಟು ಹೊತ್ತಾಯಿತು ಎಂದು ಮರಾಠಿಯಲ್ಲಿ ಕೇಳಿದರು. ಬಂದು ಕುಳಿತು ಎಷ್ಟು ಹೊತ್ತಾಯಿತು ಎಂದು ಕೇಳುತ್ತಿದ್ದಾರೆ ಎಂದುಕೊಂಡ ಧೂಳಪ್ಪ, ಮುಂಜಾನೆಯೇ ಎಂದ. ಸಾಹೇಬರು ಕನ್ನಡಕ ತೆಗೆದರು.

ಅಷ್ಟರಲ್ಲಿ ಇನ್ನೊಂದು ಚರ್ಚೆ ನಡೆದಿತ್ತು. ಸಾಹುಕಾರರ ಜನ ಸತ್ತವರನ್ನು ಕೂರಿಸಿ ಸಮಾಧಿ ಮಾಡುವವರು. ಜಾಗ ಯಾವುದು ಎಂಬ ಪ್ರಶ್ನೆ ಎದ್ದಿತ್ತು. ಹೊಲದ ಬೇವಿನ ಗಿಡದ ಹತ್ತಿರ ಎಂದು ಕೆಲವರು. ಬಾವಿಯ ಹತ್ತಿರವೇ ಆಗಬೇಕು, ಅಣ್ಣನಿಗೆ ಬಾವಿ ಎಂದರೆ ಜೀವ ಎಂದು ಮಲ್ಲು. ಇದು ಜಗಳವಾಗುವುದನ್ನು ತಪ್ಪಿಸಲು ಪೊಲೀಸ್ ಪಾಟೀಲ ಭರಮಣ್ಣ ಗಂಟಲು ಸರಿಮಾಡಿಕೊಂಡು ಸತ್ತವರ ಗುಣಗಾನಕ್ಕೆ ತೊಡಗಿದರು.

"ಎಂಥಾ ನಗಮಾರಿ ಮನಷ್ಯಾ. ಎಂದರ ಮಾರಿ ಸಣ್ಣದು ಮಾಡಿದ್ದು ನೋಡೀರೇನು? ಊರಿಗೆಲ್ಲಾ ಚಿಂತಿ ಇರಬೇಕು, ಅವ್ರಿಗೊಂದು ಚಿಂತಿ ಇರಲಿಲ್ಲ ಬಿಡ್ರಿ."

ಇರಲಿಲ್ಲ, ಇರಲಿಲ್ಲ ಎಂದು ಓಣಿ ಅನುಮೋದಿಸಿತು.

"ಇತ್ತು."

ಮಾತು ಕಿಟಕಿಯಿಂದ ಬಂದಿತ್ತು.

ಕಾಳವ್ವನ ಕೈಯಿಂದ ಬುತ್ತಿ ಜಾರಿತು. ಪೇಟಿ ಬಾರಿಸುವವನ ಬೆರಳು ಒಂದೇ ಕೀಲಿಯ ಮೇಲೆ ಅಂಟಿಕೊಂಡು, ಪೇಟಿ ಗಾಳಿ ಮುಗಿಯುವ ತನಕ ಒಂದೇ ಸ್ವರದಲ್ಲಿ ಕೂಗಿತು. ಇಂಥ ಪ್ರಸಂಗಗಳಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಬೇಕಾದ ಭರಮಣ್ಣ ಎಲ್ಲರ ಹಿಂದೆ ಕಂಡುಬಂದರು. ಆಶ್ಚರ್ಯಪಡದವನು ಧೂಳಪ್ಪ ಒಬ್ಬನೇ. ಅವನು ಕಟ್ಟೆಯ ಮೇಲೆ ಸ್ವಲ್ಪ ಸರಿದು, ಖಾಲಿಯಾದ ಜಾಗವನ್ನು ಟವೆಲ್ಲಿನಿಂದ ಒರೆಸಿದ.

"ಬರ್ರಿ ಸಾವಕಾರ್ರ. ಕುಂದ್ರಿ."

ಅಗುಳಿ ಸರಿಯಿತು. ಬಾಗಿಲು ತೆರೆಯಿತು. ಗಡ್ಡ ಬೆಳೆದ, ವಿಭೂತಿ ಇಲ್ಲದ ಹಣೆಯ ಸಾಹುಕಾರರು ಹೊರಗೆ ಬಂದರು. ಜನವನ್ನು ನೋಡಿದರು. ಧೂಳಪ್ಪ ಒರೆಸಿದ ಜಾಗದಲ್ಲಿ ಕುಳಿತರು.

ತನ್ನನ್ನು ಮಾತಾಡಿಸಲು ಬಂದವರ ನಡುವೆ ತೀರಿಕೊಂಡವನೇ ಬಂದು ಕುಳಿತರೆ ಏನು ಮಾಡಬೇಕು ಎನ್ನುವುದಕ್ಕೆ ನಮ್ಮಲ್ಲಿ ಪದ್ಧತಿ ಇಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ತಮಗೆ ಗೊತ್ತಿದ್ದುದನ್ನೇ ಮಾಡಿದರು. ಇದ್ದಲ್ಲೇ ಕುಳಿತು, ತಲೆ ತಗ್ಗಿಸಿ, ಸುಮ್ಮನಾದರು. ಏನಾಯಿತು ಎಂದು ಯಾರೂ ಕೇಳಲಿಲ್ಲ. ಧೈರ್ಯ ತಂದುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಉಪದೇಶವಿಲ್ಲದೆ ಇಷ್ಟು ಜನ ಇಷ್ಟು ಹೊತ್ತು ಕುಳಿತಿದ್ದನ್ನು ನಾನು ಇನ್ನೆಲ್ಲೂ ನೋಡಿಲ್ಲ. ಮುಖ್ಯಸ್ಥರಾದ ವಿಜಯಕುಮಾರ ಸಾಹೇಬರೂ ಗಾಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ಸಾಹುಕಾರರು ನೆಲಕ್ಕೆ ಹೇಳುವಂತೆ ಹೇಳಿದರು. "ಭಾಳ ದಿನದಿಂದ ನಿದ್ದಿ ಇಲ್ಲ. ಅಂಗಡ್ಯಾಗ ಮಂದೀನ ನಗಸ್ತಿದ್ದೆ. ಮನಿಗೆ ಬಂದ್ರ ಒಳಗ ಏನೂ ಇರ್ತಿದ್ದಿಲ್ಲ. ಅಂಗಡಿ ಐತಿ, ಮಕ್ಕಳು ಚಲೋ ಅದಾರ, ಹೇಣ್ತಿ ಬಂಗಾರದಂಥಾಕಿ. ಎಲ್ಲಾ ಇದ್ದಾಂವ ಯಾರ ಮುಂದ ಹೋಗಿ ಏನಂತ ಹೇಳಬೇಕು? ಇವತ್ತು ಮುಂಜಾನಿ ಸಾಕು ಅನಸಿತ್ತು. ಫೋನ್ ಮಾಡಿ ಕಟ್ ಮಾಡಿದೆ. ಯಾರೂ ಬರಂಗಿಲ್ಲ ಅಂತ ತಿಳದಿದ್ದೆ."

"ನನ್ನ ಮುಂದ ಹೇಳಬೇಕಿತ್ತು," ಎಂದ ಮಲ್ಲು. ಇನ್ನೂ ಅಳುತ್ತಿದ್ದ, ಸಿಟ್ಟೂ ಬಂದಿತ್ತು.

"ನೀ ನನ್ನ ಜೋಡಿ ಮಾತಾಡ್ತಿದ್ದೇನು?"

ಮಲ್ಲು ಯೋಚಿಸಿ, ಪ್ರಾಮಾಣಿಕವಾಗಿ, ಇಲ್ಲ ಎಂದ.

"ಮತ್ತ ಆ ಬಾವಿ ಹಂತ್ಯಾಕ ಬ್ಯಾಡೋ ಮಲ್ಲ್ಯಾ. ಅಲ್ಲಿ ನೀರು ಜಿನಗ್ತೈತಿ. ಕುಂತಲ್ಲೇ ನೆಗಡಿ ಬರ್ತೈತಿ ನನಗ."

ಕಾಳವ್ವ ಸೆರಗು ಬಾಯಿಗಿಟ್ಟುಕೊಂಡಳು, ನಗು ತಡೆಯಲಿಲ್ಲ. ಓಣಿಯೆಲ್ಲ ನಕ್ಕಿತು, ಅಳುತ್ತಲೇ ನಕ್ಕಿತು. ಸಾಹುಕಾರರು ನಗಲಿಲ್ಲ. ಊರನ್ನು ನಗಿಸಿ ತಾವು ನಗದೆ ಕುಳಿತದ್ದು ಅದೇ ಮೊದಲು. ಅದು ತಪ್ಪು ಎಂದು ಯಾರಿಗೂ ಅನಿಸಲಿಲ್ಲ. ಕಾಳವ್ವ ಬಿದ್ದ ಬುತ್ತಿ ಬಿಚ್ಚಿ, ನಿಮ್ಮ ಸಲುವಾಗಿ ತಂದದ್ದು, ನೀವೇ ಉಣ್ಣಬೇಕು ಎಂದು ರೊಟ್ಟಿಯ ಮೇಲೆ ಜುಣಕ ಹಾಕಿ ಕೊಟ್ಟಳು. ಅವರು ಅರ್ಧ ರೊಟ್ಟಿ ಉಂಡರು. ಉಳಿದರ್ಧ ಮಲ್ಲು ಉಂಡ.

ಆಗ ಪೊಲೀಸ್ ಜೀಪು ಬಂತು, ಅದರ ಹಿಂದೆ ಅಂಬುಲೆನ್ಸ್ ಬಂತು. ಸಾಹೇಬರ ಫೋನಿಗೆ ಸಾಂಗ್ಲಿಯಿಂದ ಕರೆಯ ಮೇಲೆ ಕರೆ. ತೀರಿಕೊಂಡಿದ್ದಾರೋ ಇಲ್ಲವೋ ಎಂದು ಅತ್ತಲಿಂದ ಕೇಳಿದರು. ಇಲ್ಲ ಎಂದರು ಸಾಹೇಬರು. ಹಾಗಾದರೆ ಅಲ್ಲಿಯ ಪೊಲೀಸ್ ಪಾಟೀಲರು ಹೌದು ಎಂದಿದ್ದಾರಲ್ಲ ಎಂದರು ಅತ್ತಲಿನವರು. ಪಾಟೀಲರು ಹೇಳಿದ್ದು ನಿಜ, ಆದರೆ ಅವರು ರೊಟ್ಟಿ ತಿನ್ನುತ್ತಿದ್ದಾರೆ ಎಂದರು ಸಾಹೇಬರು. ಯಾರು, ಪಾಟೀಲರೋ ಎಂದು ಅತ್ತಲಿಂದ ಕೇಳಿದರು.

ಧೂಳಪ್ಪನ ಕಿಸೆಯಲ್ಲಿ ಲೈನು ಇನ್ನೂ ಕಡಿದಿರಲಿಲ್ಲ. ಗಾಡಿ ಬಂದಾಗಿದೆ, ಇನ್ನು ಹೇಳಬಹುದು ಎಂದು ಅವನಿಗೆ ಹೊಳೆಯಿತು. ಫೋನನ್ನು ಸಾಹುಕಾರರ ಕೈಗೆ ಕೊಟ್ಟ. ಅವರು ಮರಾಠಿಯಲ್ಲಿ, ಹೌದಮ್ಮ, ಮುಂಜಾನೆ ಮಾಡಿದವನು ನಾನೇ, ಇದ್ದೇನೆ ಎಂದರು. ಆ ಹುಡುಗಿಯ ಪಾಳಿ ಯಾವಾಗಲೋ ಮುಗಿದಿತ್ತು, ಬದಲಿಗೆ ಬಂದವಳು ಪಕ್ಕದಲ್ಲಿ ನಿಂತಿದ್ದಳು, ಇವಳು ಕುರ್ಚಿ ಬಿಟ್ಟಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಎಲ್ಲ ಸರಿಹೋದ ಮೇಲೆ ಸಾಹೇಬರಿಗೆ ನಿಯಮಗಳು ನೆನಪಾದವು. ಅವರು ಧೂಳಪ್ಪನನ್ನು ಎದುರು ನಿಲ್ಲಿಸಿ ಮರಾಠಿಯಲ್ಲಿ ಗದರಿದರು. ಜಾಕೀಟು ಎಲ್ಲಿ? ಗುಟ್ಟು ಎಲ್ಲಿ? ಒಬ್ಬರಿಗೂ ತಿಳಿಯಬಾರದು ಎಂದರೆ ಇಡೀ ಊರನ್ನೇ ಕರೆದು ಕೂರಿಸಿದೆಯಲ್ಲ. ಇಂಥವನನ್ನು ಈ ಕೆಲಸದಲ್ಲಿ ಇಟ್ಟುಕೊಳ್ಳುವುದು ಹೇಗೆ?

"ಜಾಕೀಟು ಒಣಗಾಕ ಹಾಕೈತ್ರಿ ಸಾಹೇಬ್ರ. ಗುಟ್ಟು ನಾ ಬಿಟ್ಟಿಲ್ರಿ. ಒಬ್ಬರ ಮುಂದೂ ಒಂದು ಮಾತು ಆಡಿಲ್ಲ. ಆಡಿದ್ರ ಇಷ್ಟ ಮಂದಿ ಬರ್ತಿದ್ದಿಲ್ರಿ."

ಇದನ್ನು ನಾನು ಮರಾಠಿಯಲ್ಲಿ ಹೇಳಿದೆ. ಅಷ್ಟರಲ್ಲಿ ಕಟ್ಟೆಯ ಮೇಲಿಂದ ಸಾಹುಕಾರರು, ಧೂಳಪ್ಪನನ್ನು ತೆಗೆಯುವುದಾದರೆ ತಾವು ಗಾಡಿ ಹತ್ತುವುದಿಲ್ಲ ಎಂದರು. ನಾನೂ ಹತ್ತಗೊಡುವುದಿಲ್ಲ ಎಂದು ಮಲ್ಲು ಎದ್ದು ನಿಂತ. ಕಾಳವ್ವ ತನ್ನ ಅಂಗಳದಲ್ಲಿ ಬಿಟ್ಟಿದ್ದ ಮೊರ ಹಿಡಿದು ಬಂದಳು. ಸಾಹೇಬರು ಕನ್ನಡಕ ಹಾಕಿಕೊಂಡು, ನಾಳೆ ನೋಡೋಣ ಎಂದರು. ಸರಕಾರದ ಭಾಷೆಯಲ್ಲಿ ಇದು ಕ್ಷಮೆ.

ಸಾಹುಕಾರರು ಸಾಂಗ್ಲಿಯ ಆಸ್ಪತ್ರೆಗೆ ಬರಲು ಒಪ್ಪಿದರು. ವಿದ್ಯಾವತಿಯವರು ಇಂಡಿಯಿಂದ ನೇರ ಅಲ್ಲಿಗೇ ಹೊರಟರು. ಮಲ್ಲು ಯಾರದೋ ಚಪ್ಪಲಿ ಮೆಟ್ಟಿ ಅಣ್ಣನ ಪಕ್ಕ ಕುಳಿತ. ಗಾಡಿ ಬಂದ ಮೇಲೆ ಸೋಬತಿಯ ಕೆಲಸ ಮುಗಿಯುತ್ತದೆ. ಧೂಳಪ್ಪ ಕಟ್ಟೆಯಿಂದ ಎದ್ದ, ಟವೆಲ್ಲನ್ನು ಹೆಗಲಿಗೆ ಹಾಕಿದ, ಸುಮ್ಮನೆ ಹೊರಟ.

ಸಾಹುಕಾರರು ಗಾಡಿಯ ಕಿಟಕಿಯಿಂದ ಕರೆದರು. "ಧೂಳಪ್ಪಾ. ಏನೂ ಹೇಳದ ಹೊಂಟೆಲ್ಲೋ. ನಾ ಇನ್ನೂ ಇದ್ದೇನಿ."

ಧೂಳಪ್ಪ ನಿಂತ. ಎಷ್ಟೋ ಊರಿನ ಎಷ್ಟೋ ಕಟ್ಟೆಗಳಿಂದ ಎದ್ದವನು, ಎದ್ದಾಗ ಆ ಮಾತು ಒಮ್ಮೆಯೂ ಆಡಿದವನಲ್ಲ. ಬಾಯಿಗೆ ಅಭ್ಯಾಸವಿರಲಿಲ್ಲ. ಟವೆಲ್ಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದ. ಮತ್ತೆ ಹೆಗಲಿಗೆ ಹಾಕಿದ.

"ಬರ್ತೇನ್ರಿ ಸಾವಕಾರ್ರ," ಎಂದ.

ಈಗ ಅಂಗಡಿ ತೆರೆದಿದೆ. ಸಾಹುಕಾರರು ಮಾತ್ರೆ ತೆಗೆದುಕೊಳ್ಳುತ್ತಾರೆ, ರಾತ್ರಿ ನಿದ್ದೆ ಮಾಡುತ್ತಾರೆ, ಬೇಕೆನಿಸಿದಾಗ ಮಾತ್ರ ನಗಿಸುತ್ತಾರೆ. ಬಟ್ಟೆ ಮೊದಲಿನಷ್ಟೇ ಮಾರಾಟವಾಗುತ್ತದೆ. ಸಾಹೇಬರು ಮೇಲಿನವರಿಗೆ ಏನು ಹೇಳಿದರೋ ತಿಳಿಯದು. ರಾಜ್ಯದ ಎಲ್ಲ ಸೋಬತಿಗಳಿಗೂ ಎರಡನೆಯ ಜಾಕೀಟು ಬಂತು, ಒಂದು ಒಣಗುವಾಗ ಇನ್ನೊಂದು ಇರಲಿ ಎಂದು. ಇದು ಉಮದಿಯಿಂದಾಗಿ ಎಂದು ಉಳಿದ ಜಿಲ್ಲೆಯವರಿಗೆ ಗೊತ್ತಿಲ್ಲ.

ಎರಡು ವರ್ಷದ ಹಿಂದೆ, ನನ್ನ ಗಂಡ ತೀರಿಕೊಂಡಾಗ, ಧೂಳಪ್ಪ ನಮ್ಮ ಮನೆಗೂ ಬಂದಿದ್ದ, ಬಿಳಿ ಅಂಗಿಯಲ್ಲಿ. ಕಟ್ಟೆಯ ಮೇಲೆ ಕುಳಿತು, ಹೊತ್ತಾದ ಮೇಲೆ ಪದ್ಧತಿಯಂತೆ ಏನೂ ಹೇಳದೆ ಹೋಗಿದ್ದ. ಮೊನ್ನೆ ಸಂಜೆ ಮತ್ತೆ ಬಂದ. ಹೊಸ ನೀಲಿ ಜಾಕೀಟು, ಇಸ್ತ್ರಿ ಮಾಡಿದ್ದು. ಇಲ್ಲಿಂದ ಯಾರೂ ಫೋನ್ ಮಾಡಿಲ್ಲವಲ್ಲ ಕಾಕಾ ಎಂದೆ. ಗೊತ್ತು ಎಂದು ಕುಳಿತ. ಅತ್ತೆ ಚಹಾ ಮಾಡಿದರು. ಮೂವರೂ ಸುಮ್ಮನೆ ಕುಡಿದೆವು. ದೀಪ ಹಚ್ಚುವ ಹೊತ್ತಿಗೆ ಅವನು ಎದ್ದು, ಮೆಟ್ಟಿಲ ಹತ್ತಿರ ನಿಂತ.

"ಬರ್ತೇನವಾ," ಎಂದ.

"ಬರ್ರಿ," ಎಂದೆ.